ಯಾಪಲದಿನ್ನಿಗೊಂದು ಸಮುದ್ರ ಮಂಜೂರು ಮಾಡಿ

ಈ ದೇಶದಲ್ಲಿ ಹಳೇ ಗೋಡೆಯ ಬೆಲೆ ಗೊತ್ತಾಗಬೇಕಾದರೆ ಅದರ ವಯಸ್ಸು ಕೇಳಬಾರದು, ಸಮುದ್ರ ಎಷ್ಟು ದೂರ ಅಂತ ಕೇಳಬೇಕು. ಉಪ್ಪುಗಾಳಿಗೆ ಗಾರೆ ಉದುರಿದರೆ ಅದು ಹೆರಿಟೇಜು. ಪಕ್ಕದಲ್ಲೊಂದು ಕೆಫೆ ಏಳುತ್ತದೆ, ಒಂದು ಕಪ್ ಕಾಫಿಗೆ ಒಂದು ಹೊತ್ತಿನ ಊಟದ ದುಡ್ಡು ಕೇಳುತ್ತಾರೆ. ಬಿಸಿಲಿಗೆ ಗಾರೆ ಉದುರಿದರೆ ಅದು ಶಿಥಿಲ ಕಟ್ಟಡ. ಪಂಚಾಯಿತಿಯವರು ಬಂದು ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋಗುತ್ತಾರೆ.

ಈ ಲೆಕ್ಕದಲ್ಲಿ ನಮ್ಮ ಯಾಪಲದಿನ್ನಿಗೆ ಸಿಗುವುದು ಸೊನ್ನೆ. ರಾಯಚೂರು ಜಿಲ್ಲೆಯ ಗಡಿಯಂಚಿನ ಊರು. ಕನ್ನಡ ಮಾತಾಡುತ್ತಾ ಮಾತಾಡುತ್ತಾ ತೆಲುಗಿಗೆ ಜಾರುವ ಜನ, ಹತ್ತಿ, ತೊಗರಿ, ಒಂದು ಪೊಲೀಸ್ ಠಾಣೆ. ಪಶ್ಚಿಮಕ್ಕೆ ಹೊರಟರೆ ಅರಬ್ಬೀ ಸಮುದ್ರ ಕಾಣಲು ಇಡೀ ರಾತ್ರಿ ಬಸ್ಸಿನಲ್ಲಿ ಸೊಂಟ ಹಿಡಿದು ಕೂರಬೇಕು, ಪೂರ್ವಕ್ಕೆ ಹೊರಟರೆ ಆಂಧ್ರ ದಾಟಬೇಕು. ಊರು ಕಟ್ಟಿದ ಹಿರಿಯರಿಗೆ ಪ್ರವಾಸೋದ್ಯಮದ ದೂರದೃಷ್ಟಿ ಇರಲಿಲ್ಲ. ನೀರು ನೋಡಿದರು, ಎರೆಮಣ್ಣು ನೋಡಿದರು, ಠಿಕಾಣಿ ಹೂಡಿದರು. ಸೂರ್ಯಾಸ್ತ ಎಲ್ಲಿ ಚೆಂದ ಕಾಣುತ್ತದೆ ಅಂತ ಒಬ್ಬನಾದರೂ ನೋಡಬೇಡವೆ?

ನಮ್ಮ ಜಿಲ್ಲೆ ಸಮುದ್ರಕ್ಕೆ ಕೊಟ್ಟಿದ್ದೇನು ಕಡಿಮೆಯಲ್ಲ. ಒಂದು ಮಗ್ಗುಲಲ್ಲಿ ಕೃಷ್ಣೆ, ಇನ್ನೊಂದು ಮಗ್ಗುಲಲ್ಲಿ ತುಂಗಭದ್ರೆ. ಎರಡೂ ನಮ್ಮನ್ನು ಸವರಿಕೊಂಡು ಹೋಗಿ ಕೊನೆಗೆ ಬಂಗಾಳ ಕೊಲ್ಲಿಗೆ ಬೀಳುತ್ತವೆ. ಲಕ್ಷಾಂತರ ವರ್ಷದಿಂದ ನೀರು ಕಳಿಸುತ್ತಿದ್ದೇವೆ, ಒಂದು ತೆರೆಯೂ ಹಿಂದಕ್ಕೆ ಬಂದಿಲ್ಲ. ಅಂತರರಾಜ್ಯ ನ್ಯಾಯಮಂಡಳಿಗಳು ನದಿಯ ಹನಿಹನಿ ಹಂಚಿದವು. ಸಮುದ್ರ ಹಂಚುವ ನ್ಯಾಯಮಂಡಳಿಯನ್ನು ಯಾರೂ ಕೇಳಲಿಲ್ಲ.

ಹಾಗಂತ ನಮಗೆ ಫರಂಗಿಯವರ ಪರಂಪರೆ ಇಲ್ಲ ಅಂತ ಯಾರೂ ಅನ್ನುವಂತಿಲ್ಲ. ಪೋರ್ಚುಗೀಸರನ್ನು ನೋಡಲು ನೀವು ಗೋವಾಕ್ಕೆ ಹೋಗುತ್ತೀರಿ. ನಮ್ಮೂರಿಗೆ ಅವರು ತಾವಾಗಿಯೇ ಬಂದಿದ್ದರು. 1520ರಲ್ಲಿ ಕೃಷ್ಣದೇವರಾಯ ಆದಿಲ್‌ಶಾಹಿಯವರಿಂದ ರಾಯಚೂರು ಕೋಟೆ ಕಿತ್ತುಕೊಳ್ಳುವಾಗ ಕ್ರಿಸ್ತೋವಾವ್ ದೆ ಫಿಗೆರೇದೊ ಎಂಬ ಪೋರ್ಚುಗೀಸ ತನ್ನ ಬಂದೂಕುಗಾರರನ್ನು ಕಟ್ಟಿಕೊಂಡು ಬಂದು ಕೋಟೆಗೋಡೆಯ ಮೇಲೆ ತಲೆ ಎತ್ತಿದವರನ್ನೆಲ್ಲ ಉರುಳಿಸಿದ. ಅವನದೇ ನಾಡಿನ ನುನಿಜ್ ಅದನ್ನು ಬರೆದಿಟ್ಟಿದ್ದಾನೆ. 1853ರಲ್ಲಿ ಹೈದರಾಬಾದಿನ ನಿಜಾಮ ಇಂಗ್ಲಿಷರ ಸಾಲ ತೀರಿಸಲಾಗದೆ ಬೇರಾರಿನ ಜೊತೆ ರಾಯಚೂರು ದೋಆಬನ್ನೂ ಅವರ ಕೈಗೆ ಕೊಟ್ಟ, 1860ರಲ್ಲಿ ಅವರು ವಾಪಸ್ ಮಾಡಿದರು. ಅಂದರೆ ನಮ್ಮದು ಒತ್ತೆ ಇಟ್ಟು ಬಿಡಿಸಿಕೊಂಡ ಜಿಲ್ಲೆ. ಇದಕ್ಕಿಂತ ಅಪ್ಪಟ ವಸಾಹತು ಪರಂಪರೆ ಇನ್ಯಾವುದಿದೆ?

1871ರದ್ದು ಇನ್ನೂ ದೊಡ್ಡ ಕಥೆ. ಬೊಂಬಾಯಿಯಿಂದ ಜಿಐಪಿ ಕಂಪನಿಯವರು ಹಳಿ ಹಾಕುತ್ತಾ ಬಂದರು, ಮದರಾಸಿನಿಂದ ಮದ್ರಾಸ್ ರೈಲ್ವೆಯವರು ಹಾಕುತ್ತಾ ಬಂದರು, ಎರಡೂ ಬಂದು ಕೂಡಿದ್ದು ರಾಯಚೂರಿನಲ್ಲಿ. ಈಚಿನ ಸಮುದ್ರಕ್ಕೂ ಆಚಿನ ಸಮುದ್ರಕ್ಕೂ ಗಂಟು ಬಿದ್ದ ಜಾಗ ನಮ್ಮದು. ಲಗ್ನ ಕೂಡಿಸಿದ ಮಧ್ಯಸ್ಥನಿಗೆ ಪಂಕ್ತಿಯಲ್ಲಿ ಎಲೆ ಸಿಗದಂತೆ, ಎರಡು ಸಮುದ್ರ ಕೂಡಿಸಿದ ಊರಿಗೆ ಉಳಿದದ್ದು ಒಂದು ಜಂಕ್ಷನ್ ಮತ್ತು ಪ್ಲಾಟ್‌ಫಾರಮ್ಮಿನ ಬಿಸಿಲು.

ಸಮುದ್ರವಿಲ್ಲದ್ದಕ್ಕೆ ನಮ್ಮವರು ಸಮುದ್ರವಿದ್ದಲ್ಲಿಗೆ ಹೋಗುತ್ತಾರೆ. ಹೋಗಿ ಫೋಟೊ ಹಾಕುತ್ತಾರೆ. ಕಳೆದ ದೀಪಾವಳಿ ರಜೆಗೆ ನಮ್ಮ ಓಣಿಯ ಮೇಷ್ಟರ ಕುಟುಂಬ ಪುದುಚೇರಿಗೆ ಹೋಗಿ ಬಂತು. ಫೋಟೊಗಳಲ್ಲಿ ಸಮುದ್ರಕ್ಕಿಂತ ಹೆಚ್ಚು ಇದ್ದದ್ದು ಒಂದು ಹಳದಿ ಗೋಡೆ. ಗೋಡೆಗೆ ಬೆನ್ನು ಕೊಟ್ಟು ಮೇಷ್ಟರು, ಗೋಡೆಗೆ ಭುಜ ಕೊಟ್ಟು ಅವರ ಮನೆಯವರು, ಗೋಡೆ ನೋಡುತ್ತಾ ಯಾವುದೋ ವಿಚಾರದಲ್ಲಿ ಮುಳುಗಿದ ಮಗಳು. ಕೆಳಗೆ ಒಕ್ಕಣೆ: ‘ವೈಟ್ ಟೌನ್ ವೈಬ್ಸ್’. ಫ್ರೆಂಚರ ಆ ಊರಿನಲ್ಲಿ ಒಂದು ಕಾಲುವೆ ಇದೆ. ಕಾಲುವೆಯ ಸಮುದ್ರದ ಕಡೆಗೆ ಬಿಳಿಯರ ಪಟ್ಟಣ, ಈಚೆ ಕರಿಯರ ಪಟ್ಟಣ ಅಂತ ಅವರೇ ಹೆಸರಿಟ್ಟು ಬೇರೆ ಮಾಡಿದ್ದರು. ಫ್ರೆಂಚರು ಹೋದರು, ಕರಿಯರ ಪಟ್ಟಣದ ಹೆಸರನ್ನು ನಾಚಿಕೆಯಿಂದ ಒಳಗಿಟ್ಟರು, ಬಿಳಿಯರ ಪಟ್ಟಣದ ಹೆಸರು ಮಾತ್ರ ಟೂರ್ ಪ್ಯಾಕೇಜಿನಲ್ಲಿ ಈಗಲೂ ಓಡುತ್ತಿದೆ. ನಮ್ಮ ಹಳ್ಳಿಗಳಲ್ಲೂ ಊರು ಬೇರೆ, ಕೇರಿ ಬೇರೆ, ನಡುವೆ ಹರಿಯುವ ಚರಂಡಿಯೂ ಇದೆ. ಒಂದು ಕೆಫೆ ಇಲ್ಲ ಅನ್ನುವುದಷ್ಟೇ ಕೊರತೆ.

ನನ್ನ ಪಾಲಿಗೆ ಬಂದದ್ದು ಮಂಗಳೂರಿನ ಹಳೇ ಬಂದರು. ಸೆಮಿನಾರಿಗೆ ಹೋಗಿದ್ದೆ. ನಮ್ಮ ಕಡೆಯ ಲೆಕ್ಚರರೊಬ್ಬರು ಜೊತೆಗಿದ್ದರು. ಎರಡನೇ ದಿನ ಬೆಳಿಗ್ಗೆ ಪ್ರತಿನಿಧಿಗಳಿಗೆ ‘ಹೆರಿಟೇಜ್ ವಾಕ್’ ಅಂತ ಕಾರ್ಯಕ್ರಮ ಪಟ್ಟಿಯಲ್ಲಿತ್ತು. ಅದಕ್ಕೆ ಬೇರೆ ದುಡ್ಡು. ನಮ್ಮ ಕಡೆ ಹತ್ತಿ ಬಿಡಿಸುವ ಹೆಣ್ಣುಮಗಳ ಎರಡು ದಿನದ ಕೂಲಿ ಅಂತಿಟ್ಟುಕೊಳ್ಳಿ. ಗೈಡು ಚುರುಕಾದ ತರುಣ. ಲಿನನ್ ಅಂಗಿ, ಕೊರಳಿಗೆ ಮೈಕು. ಸ್ಟೇಟ್ ಬ್ಯಾಂಕ್ ಕಡೆಯಿಂದ ಬಂದರಿನ ಓಣಿಗಳಿಗೆ ಇಳಿಸುವ ಮೊದಲೇ ನಮ್ಮನ್ನೆಲ್ಲ ನಿಲ್ಲಿಸಿ, ‘ಇವತ್ತು ನಾವು ಟೈಮ್‌ನಲ್ಲಿ ಹಿಂದಕ್ಕೆ ಹೋಗುವುದು’ ಅಂದ. ನಾನು ರಾಯಚೂರಿನವನು, ಹಿಂದಕ್ಕೆ ಹೋಗಲು ಯಾರಿಗೂ ದುಡ್ಡು ಕೊಟ್ಟು ಅಭ್ಯಾಸವಿಲ್ಲ.

ಊರಿನ ಚರಿತ್ರೆಯನ್ನು ಅವನು ಒಂದೇ ಉಸಿರಿಗೆ ಮುಗಿಸಿದ. 1568ರಲ್ಲಿ ಪೋರ್ಚುಗೀಸರು, ಆಮೇಲೆ ಕೆಳದಿಯವರು, ಹೈದರಾಲಿ, ಟಿಪ್ಪು. 1784ರಲ್ಲಿ ಟಿಪ್ಪುವೂ ಇಂಗ್ಲಿಷರೂ ಇಲ್ಲೇ ಕೂತು ಒಪ್ಪಂದಕ್ಕೆ ಸಹಿ ಹಾಕಿದರು, 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಕಂಪನಿಯ ಪಾಲಾಯಿತು, ಥಾಮಸ್ ಮನ್ರೋ ಮೊದಲ ಕಲೆಕ್ಟರಾಗಿ ಬಂದ. 1837ರಲ್ಲಿ ಸುಳ್ಯದ ಕಡೆಯಿಂದ ರೈತರ ದಂಡು ಇಳಿದು ಬಂದು ಬಾವುಟಗುಡ್ಡದಲ್ಲಿ ಕಂಪನಿಯ ಬಾವುಟ ಕಿತ್ತು ತನ್ನದನ್ನು ಹಾರಿಸಿದ್ದನ್ನೂ ಹೇಳಿದ. ಆದರೆ ಅದನ್ನು ಹೇಳುವಾಗ ಅವನ ಕಣ್ಣು ಗಡಿಯಾರದ ಮೇಲಿತ್ತು. ಮನ್ರೋ ಬಂಗಲೆಯ ವೆರಾಂಡದ ವರ್ಣನೆಗೆ ಅದರ ಮೂರರಷ್ಟು ಹೊತ್ತು ಸಿಕ್ಕಿತು. ದಂಗೆಗೆ ವೆರಾಂಡ ಇರಲಿಲ್ಲವಲ್ಲ, ಏನು ತೋರಿಸಿಯಾನು ಪಾಪ.

ಗಡಿಯಾರ ಅಂದದ್ದಕ್ಕೆ ನೆನಪಾಯಿತು. ಹಂಪನಕಟ್ಟೆಯ ಹತ್ತಿರ ಒಂದು ಗಡಿಯಾರ ಗೋಪುರವಿದೆ. ಹಳೆಯದನ್ನು ತೊಂಬತ್ತರ ದಶಕದಲ್ಲಿ ವಾಹನಗಳಿಗೆ ಅಡ್ಡವಾಗುತ್ತದೆ ಅಂತ ಕೆಡವಿದರು. ವಾಹನ ಹತ್ತುಪಟ್ಟು ಹೆಚ್ಚಾದ ಮೇಲೆ, ಸ್ಮಾರ್ಟ್ ಸಿಟಿಯ ದುಡ್ಡು ಬಂತು ನೋಡಿ, ಅದೇ ಜಾಗದಲ್ಲಿ ಪರಂಪರೆಯ ಹೆಸರಿನಲ್ಲಿ ಹೊಸದೊಂದನ್ನು ಕಟ್ಟಿದರು. ಪರಂಪರೆಯನ್ನು ಉಳಿಸುವುದಕ್ಕೆ ಟೆಂಡರು ಕರೆಯಲು ಬರುವುದಿಲ್ಲ. ಕೆಡವುವುದಕ್ಕೆ ಒಂದು, ಕಟ್ಟುವುದಕ್ಕೆ ಒಂದು, ಎರಡು ಕರೆಯಬಹುದು. ಈ ವಿಷಯದಲ್ಲಿ ಕರಾವಳಿಗೂ ಕಲ್ಯಾಣ ಕರ್ನಾಟಕಕ್ಕೂ ಏನೂ ಫರಕಿಲ್ಲ, ತಾರತಮ್ಯದ ಕೂಗು ಇಲ್ಲಿಗೆ ಅನ್ವಯಿಸುವುದಿಲ್ಲ.

ಬಾಸೆಲ್ ಮಿಷನ್ನಿನ ಮುಂದೆ ಮಾತ್ರ ನಾನು ವ್ಯಂಗ್ಯವನ್ನು ಜೇಬಿನಲ್ಲಿಟ್ಟುಕೊಳ್ಳುತ್ತೇನೆ. 1834ರಲ್ಲಿ ಹಡಗಿಳಿದ ಆ ಪಾದ್ರಿಗಳು ಅಚ್ಚುಕೂಟ ಹಾಕಿದರು, 1843ರಲ್ಲಿ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದ, 1894ರಲ್ಲಿ ಕಿಟೆಲ್ಲನ ನಿಘಂಟು ಬಂತು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ. ಓಣಿಯಲ್ಲಿ ಒಡೆದು ಬಿದ್ದಿದ್ದ ಹೆಂಚೊಂದನ್ನು ಎತ್ತಿ ಗೈಡು ಬೆನ್ನು ತಿರುಗಿಸಿ ತೋರಿಸಿದ. ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865 ಅಂತ ಉಬ್ಬಚ್ಚು. ಅಕ್ಷರದ ಸಂದಿಯಲ್ಲಿ ಪಾಚಿ. ಎಲ್ಲರೂ ಸರದಿಯಲ್ಲಿ ನಿಂತು ಹೆಂಚಿನ ಬೆನ್ನು ಸವರಿದರು. ನಮ್ಮ ಕಡೆ ಮಣ್ಣಿನ ಮಾಳಿಗೆ, ಸವರಲು ಹೋದರೆ ಕೈಗೆ ಮಣ್ಣೇ ಬರುತ್ತದೆ, ಕಂಪನಿಯ ಹೆಸರು ಬರುವುದಿಲ್ಲ.

ಅಂದಹಾಗೆ, ಕನ್ನಡದ ಆ ಮೊದಲ ಪತ್ರಿಕೆ ಸಮುದ್ರದ ದಂಡೆಯಲ್ಲಿ ಒಂದು ವರ್ಷವೂ ನಿಲ್ಲಲಿಲ್ಲ. 1844ರಲ್ಲಿ ಎದ್ದು ಬಳ್ಳಾರಿಗೆ ಬಂದುಬಿಟ್ಟಿತು. ಉಪ್ಪುಗಾಳಿ ಬಿಟ್ಟು ನಮ್ಮ ಬಿಸಿಲಿಗೆ ತಾನಾಗಿ ಬಂದದ್ದು ಅದೊಂದೇ ಇರಬೇಕು. ವಾಕಿನಲ್ಲಿ ಇದನ್ನು ಹೇಳಲಿಲ್ಲ. ಹೇಳಿದರೆ ಕಥೆ ಬಳ್ಳಾರಿಗೆ ಹೋಗುತ್ತದೆ, ಬಳ್ಳಾರಿಯಲ್ಲಿ ವ್ಯೂ ಇಲ್ಲ.

ಇನ್ನೊಂದು ಹೇಳಿದ. ಖಾಕಿ ಬಣ್ಣ ಹುಟ್ಟಿದ್ದು ಇಲ್ಲಿಯ ಬಲ್ಮಠದ ನೇಯ್ಗೆ ಕಾರ್ಖಾನೆಯಲ್ಲಂತೆ, ಹಾಲರ್ ಎಂಬ ಮಿಷನರಿಯ ಕೈಯಿಂದ. ಮಂಗಳೂರಿನವರ ಹೆಮ್ಮೆ ಅದು. ಪಂಜಾಬಿನ ಪಲ್ಟಣದವರು ಬೇರೆ ಕಥೆ ಹೇಳುತ್ತಾರೆ, ಆ ಜಗಳ ಅವರವರಿಗಿರಲಿ. ನನಗೆ ಸಮಾಧಾನವಾಯಿತು. ಕರಾವಳಿಯ ವಸಾಹತು ಪರಂಪರೆ ಯಾಪಲದಿನ್ನಿಗೆ ತಲುಪೇ ಇಲ್ಲ ಅಂದುಕೊಂಡಿದ್ದೆ. ನಮ್ಮ ಠಾಣೆಯ ಪೇದೆಯ ಮೈಮೇಲೆ ದಿನಾ ಇಸ್ತ್ರಿಯಾಗಿ ನಿಂತಿದೆ.

ಬಂದರಿನ ಓಣಿಗಳೆಂದರೆ ಸಪೂರ, ಎರಡೂ ಕಡೆ ಬಂಡಸಾಲೆ. ಹೆಂಚಿನ ಮಾಡು, ಮರದ ದಪ್ಪ ಬಾಗಿಲು, ಒಳಗೆ ಕತ್ತಲೆ, ಕತ್ತಲೆಯಲ್ಲಿ ಮೆಣಸಿನಕಾಯಿ ಘಾಟು. ಈಚೆ ಒಣಮೀನು, ಆಚೆ ಬೆಲ್ಲ, ಮುಂದೆ ಹೋದರೆ ಈರುಳ್ಳಿ. 1975ರಲ್ಲಿ ಇಂದಿರಾ ಗಾಂಧಿ ಪಣಂಬೂರಿನಲ್ಲಿ ಹೊಸ ಬಂದರು ಉದ್ಘಾಟಿಸಿದ ಮೇಲೆ ದೊಡ್ಡ ಹಡಗೆಲ್ಲ ಆ ಕಡೆ ಹೋದವು. ಇಲ್ಲಿ ಉಳಿದದ್ದು ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳು, ದಕ್ಕೆಯ ಮೀನು ದೋಣಿ, ಬೆಂಗ್ರೆಗೆ ಜನ ದಾಟಿಸುವ ಫೆರಿ, ಮತ್ತೆ ಲಾರಿಗಳು. ಲಾರಿ ಹಿಂದಕ್ಕೆ ಬರುತ್ತಿದ್ದರೆ ಪರಂಪರೆ ನೋಡಲು ಬಂದವರು ಗೋಡೆಗೆ ಅಂಟಿಕೊಳ್ಳಬೇಕು.

ಒಂದು ಬಂಡಸಾಲೆಯ ಮುಂದೆ ಗೈಡು ನಮ್ಮನ್ನು ನಿಲ್ಲಿಸಿ, ದನಿ ಇಳಿಸಿ, ಪ್ರೇಮಕಥೆಯೊಂದನ್ನು ಶುರು ಮಾಡಿದ. ಹನ್ನೆರಡನೇ ಶತಮಾನ. ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ ಟ್ಯುನೀಸಿಯಾ ಕಡೆಯಿಂದ ಬಂದು ಮಂಗಳೂರಿನಲ್ಲಿ ನೆಲೆಸುತ್ತಾನೆ. ಆಶು ಎಂಬ ದಾಸಿಯನ್ನು 1132ರಲ್ಲಿ ಬಿಡುಗಡೆ ಮಾಡುತ್ತಾನೆ. ಅವನ ವ್ಯಾಪಾರವನ್ನೆಲ್ಲ ಓಡಾಡಿ ನೋಡಿಕೊಳ್ಳುತ್ತಿದ್ದವನು ಬೊಮ್ಮ ಎಂಬ ದಾಸ. ಏಡನ್ನಿನವರೆಗೆ ಹಡಗಿನಲ್ಲಿ ಹೋಗಿ ಬಂದವನು. ಇವರ ಸುದ್ದಿ ಕೈರೋದ ಒಂದು ಸಿನಗಾಗಿನ ಹಳೇ ಕಾಗದದ ರಾಶಿಯಲ್ಲಿ ಸಿಕ್ಕಿತು. ಅಮಿತಾವ್ ಘೋಷ್ ಅದರ ಬೆನ್ನು ಹತ್ತಿ 1992ರಲ್ಲಿ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ ಬರೆದರು. ಗೈಡು ಚೆನ್ನಾಗಿ ಹೇಳಿದ. ಬೊಮ್ಮನ ಹೆಸರು ಬಂದಾಗ ಗುಂಪಿನ ಹೆಣ್ಣುಮಗಳೊಬ್ಬರು ‘ಛೆ, ಎಷ್ಟು ಟಚಿಂಗ್’ ಅಂದರು. ಮೇಲಿನ ಮಾಡು, ಬೆಳಗಿನ ಓರೆ ಬಿಸಿಲು, ಒಂಬೈನೂರು ವರ್ಷದ ಹಿಂದಿನ ಒಬ್ಬ ಆಳು. ಎಲ್ಲರೂ ಮೊಬೈಲು ಎತ್ತಿದರು.

ಅಷ್ಟರಲ್ಲಿ ಬಾಗಿಲಿನಿಂದ ಒಬ್ಬ ಹುಡುಗ ಬಂದ. ತಲೆಗೆ ಗೋಣಿತಾಟು ಮಡಿಸಿ ಹಾಕಿಕೊಂಡಿದ್ದಾನೆ, ಹೆಗಲಿಗೆ ಕೊಕ್ಕೆ, ರೆಪ್ಪೆಯ ಮೇಲೆ ಮೆಣಸಿನಕಾಯಿಯ ಕೆಂಪು ಧೂಳು. ಎದುರಿಗಿದ್ದ ಲಾರಿಯಿಂದ ಅಕ್ಕಿ ಮೂಟೆ ಇಳಿಸುವ ಕೆಲಸ. ಗೈಡು ತುಂಬಾ ಮರ್ಯಾದೆಯಿಂದಲೇ ಹೇಳಿದ: ‘ಅಣ್ಣಾ, ಒಂಚೂರು ಆಚೆ ನಿಲ್ತೀರಾ? ಫ್ರೇಮಿಗೆ ಬರ್ತಾ ಉಂಟು.’

ಹುಡುಗ ಆಚೆ ನಿಂತ. ಫೋಟೊ ಆಯಿತು.

ಒಬ್ಬ ಹಮಾಲಿ ಪರಂಪರೆಯಾಗಬೇಕಾದರೆ ಎಷ್ಟು ವರ್ಷ ಸತ್ತಿರಬೇಕು? ಪುರಾತತ್ವ ಇಲಾಖೆಯವರು ಇದಕ್ಕೊಂದು ನಿಯಮ ಮಾಡಿದರೆ ನಮಗೂ ಅನುಕೂಲ. ನೂರು ವರ್ಷ ಅಂತಾದರೆ ಕಾಯುತ್ತೇವೆ. ಒಂಬೈನೂರು ಅಂದರೆ ಸ್ವಲ್ಪ ಕಷ್ಟ. ಬೊಮ್ಮನಿಗೊಂದು ಅನುಕೂಲವಿತ್ತು, ಅವನ ಯಜಮಾನ ಕಾಗದ ಬರೆಯುತ್ತಿದ್ದ, ಆ ಕಾಗದ ಕೈರೋದಲ್ಲಿ ಉಳಿಯಿತು. ಈಗಿನ ಯಜಮಾನರ ಹತ್ತಿರ ಹಾಜರಿ ಪುಸ್ತಕವೂ ಇರುವುದಿಲ್ಲ.

ನನ್ನ ಮಾತಿನ ಧಾಟಿ ಕಿವಿಗೆ ಬಿದ್ದದ್ದೇ ಹುಡುಗ ಹತ್ತಿರ ಬಂದ.

‘ಅಣ್ಣಾರ, ನೀವು ರಾಯಚೂರು ಕಡೇರೇನ್ರಿ?’

‘ಹೌದಪಾ. ನೀ ಯಾವೂರವ?’

‘ಯಾಪಲದಿನ್ನಿ ಐತಲ್ರಿ, ಅಲ್ಲೇ ರೀ. ಬೆಳಿ ಮುಗದ ಮ್ಯಾಲ ಬರ್ತೀವಿರಿ, ಮಳಿ ಬಿದ್ರ ಹೋಗ್ತೀವಿ. ನಮ್ಮೂರವ್ರು, ದೇವದುರ್ಗದವ್ರು, ಭಾಳ ಮಂದಿ ಅದೀವಿರಿ ಇಲ್ಲಿ.’ ಮೂಟೆಯ ಕಡೆ ಕೈ ಮಾಡಿದ. ‘ಇದೂ ನಮ್ ಕಡೇದ ರೀ, ಮಾನ್ವಿ ಅಕ್ಕಿ.’

ನೋಡಿದೆ. ಚೀಲದ ಮೇಲೆ ಮಾನ್ವಿಯ ಮಿಲ್ಲಿನ ಅಚ್ಚು. ಅಕ್ಕಿ ಬಿಲ್ಲಿನ ಸಮೇತ, ವಿಮೆಯ ಸಮೇತ, ತಾಡಪಾಲು ಹೊದ್ದುಕೊಂಡು ಬಂದಿತ್ತು. ಹುಡುಗ ಗುಳೆ ಬಸ್ಸಿನಲ್ಲಿ ನಿಂತುಕೊಂಡು ಬಂದಿದ್ದ. ನಮ್ಮ ಜಿಲ್ಲೆ ಸಮುದ್ರಕ್ಕೆ ಕಳಿಸುವ ಸರಕುಗಳಲ್ಲಿ ಒಂದೊಂದಕ್ಕೆ ಒಂದೊಂದು ದರ್ಜೆ.

ಜೊತೆಗಿದ್ದ ಲೆಕ್ಚರರಿಗೆ ಆ ಹೊತ್ತಿಗೆ ಒಂದು ಕಿಟಕಿಯ ಸರಳುಗಳಲ್ಲಿ ಅಪಾರ ಆಸಕ್ತಿ ಹುಟ್ಟಿಬಿಟ್ಟಿತ್ತು. ಹಿಂದಿನ ರಾತ್ರಿ ಊಟದ ಹೊತ್ತಿಗೆ ಅವರು ಗುಂಪಿನವರಿಗೆ ‘ಬೇಸಿಕಲಿ ಬೆಂಗಳೂರು’ ಅಂತ ಪರಿಚಯ ಮಾಡಿಕೊಂಡಿದ್ದರು.

ಹುಡುಗ ಕೇಳಿದ: ‘ಇವ್ರೆಲ್ಲಾ ಏನು ನೋಡಾಕತ್ತಾರ್ರಿ?’

‘ಹಳೇ ಗೋಡಾನು.’

‘ಒಳಗೇನೈತ್ರಿ ನೋಡಾಕ? ಮೆಣಸಿನಕಾಯಿ ಐತಿ. ಸೀನು ಬರ್ತಾವ.’

‘ರೊಕ್ಕ ಕೊಟ್ಟು ನೋಡ್ತಾರಪಾ.’

‘ಎಷ್ಟ್ರಿ?’

ಹೇಳಿದೆ.

‘ಯಪ್ಪಾ! ಅಷ್ಟು ನನಗ ಕೊಟ್ರ ಇಡೀ ಲೋಡು ಖಾಲಿ ಮಾಡಿ ತೋರಸ್ತಿದ್ದೆ.’

ಲಾರಿಯ ಕಡೆಯಿಂದ ಯಾರೋ ಬೈದರು, ಓಡಿದ.

ವಾಕು ಮುಗಿದದ್ದು ಒಂದು ಕೆಫೆಯಲ್ಲಿ. ಹಳೇ ಹೆಂಚಿನ ಮನೆ. ಗೋಡೆಯ ಗಾರೆಯನ್ನು ಅಲ್ಲಲ್ಲಿ ಬೇಕಂತಲೇ ಕೆತ್ತಿ ಒಳಗಿನ ಕೆಂಪುಕಲ್ಲು ಕಾಣುವಂತೆ ಬಿಟ್ಟಿದ್ದಾರೆ. ನಮ್ಮ ಕಡೆ ಮಳೆರಾಯ ಪುಕ್ಕಟೆ ಮಾಡಿಕೊಡುವ ಕೆಲಸ. ಕ್ಯಾಷ್ ಕೌಂಟರಿನ ಮೇಲೆ, ಗಾಜಿನ ಚೌಕಟ್ಟಿನೊಳಗೆ, ಹಿಂದಿನಿಂದ ಪುಟ್ಟ ದೀಪ ಬಿಟ್ಟು, ಒಂದು ಕೊಕ್ಕೆ. ಮರದ ಹಿಡಿ, ಬಾಗಿದ ಕಬ್ಬಿಣ. ಕೆಳಗೆ ಚೀಟಿ: ‘ಬಂದರು ಕಾರ್ಮಿಕರ ಕೊಕ್ಕೆ. ವಿಂಟೇಜ್.’ ಇನ್ನೂರು ಹೆಜ್ಜೆ ಆಚೆ ಅದೇ ಕೊಕ್ಕೆ, ಅದೇ ಬಾಗು, ಮಾನ್ವಿ ಅಕ್ಕಿಗೆ ಬೀಳುತ್ತಿತ್ತು. ಅದಕ್ಕೆ ದೀಪವಿರಲಿಲ್ಲ, ಅದರ ಹಿಂದೆ ಹುಡುಗನಿದ್ದ. ಕೊಕ್ಕೆಯಿಂದ ಮನುಷ್ಯನನ್ನು ತೆಗೆದುಬಿಟ್ಟರೆ ಎಷ್ಟು ಕಲಾತ್ಮಕವಾಗಿ ಕಾಣುತ್ತದೆ ಅನ್ನುವುದು ಅಲ್ಲಿ ಕೂತಾಗ ಗೊತ್ತಾಯಿತು. ಲೆಕ್ಚರರು ಕೊಕ್ಕೆಯ ಫೋಟೊ ತೆಗೆದುಕೊಂಡರು.

ಇಷ್ಟೆಲ್ಲ ಆದ ಮೇಲೆ ನಮ್ಮ ರಾಯಚೂರು ಕೋಟೆಯ ದೊಡ್ಡ ದೋಷ ಯಾವುದು ಅಂತ ನನಗೆ ಹೊಳೆಯಿತು. ಅಲ್ಲಿ ಒಂದು ಕಲ್ಲಿದೆ. 41 ಅಡಿಗೂ ಉದ್ದದ ಒಂದೇ ಕಲ್ಲು. ಕಾಕತೀಯರ ಕಡೆಯವರು 1294ರಲ್ಲಿ ಕೋಟೆ ಕಟ್ಟಿದಾಗ ಅದರ ಮೇಲೆ ತೆಲುಗಿನಲ್ಲಿ ಶಾಸನ ಬರೆಸಿದರು. ಬರೆಸಿ ಸುಮ್ಮನಿರಬೇಕಲ್ಲ? ಗೋಡೆಯ ಮೇಲೆ ಆ ಕಲ್ಲು ಬಂದ ಬಗೆಯನ್ನೂ ಕೊರೆಸಿಬಿಟ್ಟರು. ಗಾಲಿಯ ಬಂಡಿಯ ಮೇಲೆ ಕಲ್ಲು, ಬಂಡಿಗೆ ಸಾಲುಸಾಲು ಕೋಣ, ಕೋಣಗಳನ್ನು ಹುರಿದುಂಬಿಸುವವರು, ಹಿಂದಿನಿಂದ ಸನ್ನೆಗೋಲು ಹಾಕಿ ಗಾಲಿ ನೂಕುವವರು. ಕೂಲಿಯವರು ಕೋಣಗಳ ಸಮೇತ ಫ್ರೇಮಿನ ನಟ್ಟನಡುವೆ ನಿಂತಿದ್ದಾರೆ! ‘ಒಂಚೂರು ಆಚೆ ನಿಲ್ತೀರಾ’ ಅನ್ನುವ ಸಂಸ್ಕಾರ ಆ ಕಾಲದ ನಮ್ಮವರಿಗೆ ಇರಲಿಲ್ಲ. ಇಂಥ ಕೋಟೆಗೆ ಪ್ರವಾಸಿಗರು ಹೇಗೆ ಬಂದಾರು? ಬಸ್‌ಸ್ಟ್ಯಾಂಡಿನ ಹತ್ತಿರವೇ ಇರುವುದರಿಂದ ಜನ ಬರುವುದೇನೋ ಬರುತ್ತಾರೆ, ಗೋಡೆಯ ಕಡೆ ಮುಖ ಮಾಡಿಯೇ ನಿಲ್ಲುತ್ತಾರೆ. ಆದರೆ ಅವರು ಶಾಸನ ಓದುತ್ತಿಲ್ಲ ಅನ್ನುವುದು ದೂರದಿಂದಲೇ ತಿಳಿಯುತ್ತದೆ.

ಆದ್ದರಿಂದ ಊರಿನ ನಾಲ್ಕು ಜನ ಹಿರಿಯರು ಕೂಡಿ ತೀರ್ಮಾನಿಸಿದ್ದೇವೆ. ಯಾಪಲದಿನ್ನಿಗೆ ಒಂದು ಸಮುದ್ರ ಬೇಕು. ದೊಡ್ಡದೇ ಬೇಕಂತಿಲ್ಲ, ಒಂದು ಲೈಟ್‌ಹೌಸು ಹಿಡಿಸುವಷ್ಟಿದ್ದರೆ ಸಾಕು.

ಹಣದ ಚಿಂತೆ ಇಲ್ಲ. ಸಂವಿಧಾನದ 371(ಜೆ) ಇದೆ, ಅಭಿವೃದ್ಧಿ ಮಂಡಳಿ ಇದೆ, ವರ್ಷದ ಕೊನೆಗೆ ಖರ್ಚಾಗದೆ ಉಳಿಯುವ ಅನುದಾನದ ಸಂಪ್ರದಾಯವೂ ಇದೆ. 2019ರಲ್ಲಿ ಹೈದರಾಬಾದ್ ಕರ್ನಾಟಕದ ಹೆಸರನ್ನು ಕಲ್ಯಾಣ ಕರ್ನಾಟಕ ಅಂತ ಬದಲಿಸಿದಂತೆ ಇನ್ನೊಮ್ಮೆ ಬದಲಿಸಿ ‘ಕರಾವಳಿ ಕರ್ನಾಟಕ, ಪೂರ್ವ ವಿಭಾಗ’ ಅಂತ ಗೆಜೆಟ್ಟಿನಲ್ಲಿ ಹಾಕಿದರೂ ಆದೀತು. ಹೆಸರಿನಿಂದಲೇ ಕಲ್ಯಾಣ ಆದದ್ದನ್ನು ಕಂಡವರು ನಾವು, ಸಮುದ್ರ ಆಗುವುದಿಲ್ಲವೆ? ಮರಳಿಗೂ ತೊಂದರೆ ಇಲ್ಲ. ಹೊಳೆಯ ಮರಳು ಟಿಪ್ಪರುಗಳಲ್ಲಿ ಆಗಲೇ ಊರು ಬಿಟ್ಟಿದೆ ನಿಜ, ಆದರೆ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ 1985ರಿಂದ ಕಲ್ಲಿದ್ದಲು ಸುಟ್ಟು ಗುಡ್ಡೆ ಹಾಕಿರುವ ಬೂದಿ ಇದೆ. ಬೆಳದಿಂಗಳಲ್ಲಿ ಅದು ಥೇಟ್ ಬೀಚು. ಕೆಮ್ಮು ಬರುತ್ತದೆ, ಅಷ್ಟೇ. ಸಾಹಸ ಕ್ರೀಡೆಗೆ ಕೃಷ್ಣೆಯ ನಡುಗಡ್ಡೆಗಳಿವೆ. ಅಲ್ಲಿಯ ಜನ ಸೇತುವೆ ಪೂರ್ತಿಯಾಗುವುದನ್ನು ಕಾಯುತ್ತಾ ವರ್ಷಗಟ್ಟಲೆ ಹರಿಗೋಲಿನಲ್ಲಿ ಪ್ರವಾಹ ದಾಟಿದವರು, ತರಬೇತಿಯ ಖರ್ಚು ಉಳಿಯುತ್ತದೆ.

ಒಂದೇ ಭಯ. ನಮ್ಮ ಜಿಲ್ಲೆ ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ಒಂದು ಹಳೇ ವೈಮನಸ್ಸಿದೆ. ಪ್ರಾದೇಶಿಕ ಅಸಮತೋಲನ ಅಳೆದ ನಂಜುಂಡಪ್ಪ ಸಮಿತಿ ಬರೆದುಕೊಟ್ಟಿದ್ದ ಐಐಟಿಯನ್ನು ಕೇಳಿದೆವು. ಅದು ಧಾರವಾಡಕ್ಕೆ ಹೋಯಿತು, ಆಮೇಲೆ ಒಂದು ‘ಐ’ ಜಾಸ್ತಿ ಹಾಕಿ ಐಐಐಟಿ ಕೊಟ್ಟರು. ಏಮ್ಸ್ ಕೇಳಿ 2022ರ ಮೇ ತಿಂಗಳಲ್ಲಿ ಧರಣಿ ಕೂತವರು ಸಾವಿರ ದಿನ ದಾಟಿಸಿದರು, ಟೆಂಟಿನ ಬಟ್ಟೆ ಹಳತಾಗಿ ಅದೇ ಈಗ ಪರಂಪರೆಯಾಗುವ ಹಂತಕ್ಕೆ ಬಂದಿದೆ. ಸಮುದ್ರ ಕೇಳಿದರೆ ಹುಬ್ಬಳ್ಳಿಗೆ ಮಂಜೂರು ಮಾಡಿ ನಮಗೊಂದು ಕೆರೆ ಕೊಡಬಹುದು, ‘ಸಮುದ್ರದ ಮಾದರಿಯಲ್ಲಿ’ ಅಂತ ಆದೇಶದಲ್ಲಿ ಬರೆದು.

ಅರ್ಜಿ ಕೊಡಲು ಹೋದೆವು. ಗುಮಾಸ್ತರು ನಗಲಿಲ್ಲ. ಅವರಿಗೆ ಇದಕ್ಕಿಂತ ವಿಚಿತ್ರವಾದ ಅರ್ಜಿಗಳು ಬಂದಿರಬೇಕು. ‘ಪರಂಪರೆ ತಾಣ ಅಂತ ಬರೀರಿ, ಸಮುದ್ರ ಆಮ್ಯಾಲ ಸೇರಿಸೋಣು’ ಅಂದು ಒಂದು ನಮೂನೆ ಕೊಟ್ಟರು. ಎಷ್ಟೋ ಸಲ ಝೆರಾಕ್ಸ್ ಆಗಿ ಅಕ್ಷರ ಬಾಗಿದ ನಮೂನೆ, ಕರಾವಳಿಯ ಯಾವುದೋ ಯೋಜನೆಯದನ್ನೇ ನಮಗೂ ಇಳಿಸಿಕೊಂಡದ್ದು. ಎಲ್ಲರೂ ಕೂತು ತುಂಬಿದೆವು.

ತಾಣದ ಹೆಸರು: ಯಾಪಲದಿನ್ನಿ.

ವಸಾಹತು ಕಾಲದ ಕುರುಹು: ಠಾಣೆಯ ಖಾಕಿ.

ತಾಣದಲ್ಲಿ ಲಭ್ಯವಿರುವ ವೀಕ್ಷಣೆ: ಬಿಸಿಲು. ಬೆಳಿಗ್ಗೆ 7ರಿಂದ ಸಂಜೆ 6ರವರೆಗೆ, ಪ್ರವೇಶ ಉಚಿತ.

ಸ್ಥಳೀಯ ಸಮುದಾಯದ ಪಾಲ್ಗೊಳ್ಳುವಿಕೆ: ಇದೆ, ಆದರೆ ತಾಣದಲ್ಲಿ ಇಲ್ಲ.

ಹತ್ತಿರದ ಬೀಚ್: ತಣ್ಣೀರುಬಾವಿ, ಮಂಗಳೂರು.

ಬೀಚ್‌ಗೆ ಸಂಪರ್ಕ ವ್ಯವಸ್ಥೆ: ಗುಳೆ ಬಸ್ಸು. ಸುಗ್ಗಿ ಮುಗಿದ ಮೇಲೆ ದಿನಾ ರಾತ್ರಿ. ಸೀಟು ಸಿಗುವುದಿಲ್ಲ.